ಅತ್ತೆಯ ಮಾಳಿಗೆಯ ಬಿಳಿ ಚುಕ್ಕೆ

ಹುಮನಾಬಾದಿನ ನಮ್ಮ ಕಾಕಾ ಬೆಳಗಿನ ಜಾವ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಕಾಯುವುದು ಒಬ್ಬರಿಗಾಗಿ ಮಾತ್ರ. ಆ ಒಬ್ಬರು ಯಾರು ಗೊತ್ತೇ? ಹನ್ನೆರಡು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ, ನೂರಾರು ಮೈಲಿ ಎತ್ತರದಲ್ಲಿ ಹಾದುಹೋಗುವ ರೇಡಾರ್ ಉಪಗ್ರಹ!

ಅದಕ್ಕೆ ನಿಮ್ಮ ಮುಖ ಕಾಣುವುದಿಲ್ಲವಲ್ಲ ಎಂದು ಕೇಳಿದ್ದೆ.

"ಅದಕ್ಕ ನಾ ಕಾಣಂಗಿಲ್ಲ, ಖರೆ. ಅದು ಬರೋದು ನನಗ ಗೊತ್ತದಲ್ಲ?"

ಕಾಕಾ ನಿವೃತ್ತ ಸರ್ವೇಯರ್. ಸರಪಳಿ ಎಳೆದು ಊರೂರು ಅಳೆದವರು ಈಗ ಫೋನಿನಲ್ಲಿ ಪುಕ್ಕಟೆ ಸಿಗುವ ಉಪಗ್ರಹದ ಚಿತ್ರ ನೋಡುತ್ತಾರೆ. ಅಕ್ಕಿಯಲ್ಲಿ ಎಳ್ಳು ಚೆಲ್ಲಿದಂಥ ಚಿತ್ರ. ನಿಂತ ನೀರು ಕಪ್ಪು; ರೇಡಾರಿಗೆ ಮೋಡ ಅಡ್ಡಿಯಲ್ಲ, ಹಾಗಾಗಿ ಮೋಡದ ಸುಳಿವೇ ಇಲ್ಲ. ಒಮ್ಮೆ ಮದುವೆಯ ಮಾತುಕತೆಯಲ್ಲಿ ಬಸವಕಲ್ಯಾಣದ ಹುಡುಗನ ಕಡೆಯವರು, ನಮ್ಮ ಹೊಲದ ಕೆರೆ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದರು. ಕಾಕಾ ಮೆಲ್ಲಗೆ ಫೋನ್ ತೆಗೆದು, "ಯುಗಾದಿ ಮುಂದ ಒಣಗಿತ್ತಲ್ರಿ" ಎಂದರು. ಸಂಬಂಧವೂ ಅಲ್ಲೇ ಒಣಗಿತು!

ದಿನಚರಿ ಬರೆಯುವ ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ನೆನಪಿನಲ್ಲಿ ಅತ್ತೆಯ ಬೇವಿನ ಮರ ಮುಗಿಲು ಮುಟ್ಟುತ್ತದೆ, ನಿಜಕ್ಕೂ ಎಷ್ಟಿತ್ತೋ! ಅತ್ತೆ ಎಂದರೆ ಕಾಕಾನ ಅಕ್ಕ. ರಾಜೇಶ್ವರದ ಆಚೆ, ಹಳ್ಳದ ದಂಡೆಯ ಹೊಲದಲ್ಲಿ ಅವರದು ಒಂಟಿ ಮನೆ. ಗಡಿ ಅಳೆದ ದಿನ ಕಾಕಾ, ಆ ಮರ ಪಕ್ಕದವರದು ಎಂದು ಕಲ್ಲು ನೆಡಿಸಿದರು. "ಸರಪಳಿಗೆ ಅಕ್ಕ, ತಂಗಿ ಇರಂಗಿಲ್ಲ" ಎಂದರಂತೆ. ಎಂದರೋ, ನಾನೇ ಸೇರಿಸಿದೆನೋ. ಅಕ್ಕ ತಮ್ಮನ ನಡುವೆ ಮಾತು ನಿಂತದ್ದಂತೂ ನಿಜ.

ಎರಡು ವರ್ಷದ ಹಿಂದೆ ಕಾಕಾ ಮೂರು ತಗಡುಗಳನ್ನು ಕೋಣೆಯ ಮೂಲೆಯಂತೆ ಜೋಡಿಸಿ, ಅತ್ತೆಯ ಮಾಳಿಗೆಯ ಮೇಲೆ ಇಟ್ಟು ಬಾ ಎಂದು ನನ್ನನ್ನು ಕಳಿಸಿದರು. ಅಂಥ ಮೂಲೆ ರೇಡಾರಿನ ಅಲೆಯನ್ನು ಬಂದ ದಾರಿಗೇ ಹಿಂದೆ ಕಳಿಸುತ್ತದಂತೆ. ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಹೊಳೆಯುತ್ತದಂತೆ.

"ಕಾಗಿ ಓಡಿಸಾಕ ಅಂತ ಹೇಳು. ನನ್ನ ಹೆಸರ ಎತ್ತಬ್ಯಾಡ."

ಅತ್ತೆ ಮಾಳಿಗೆಯ ಮೆಟ್ಟಿಲು ತೋರಿಸಿದರು. ಕಾಗೆಗಳು ಅದರ ಮೇಲೆಯೇ ಬಂದು ಕೂತವು! ಅಂದಿನಿಂದ ಪ್ರತಿ ಹೊಸ ಚಿತ್ರದಲ್ಲೂ ಕಾಕಾ ಆ ಚುಕ್ಕೆ ನೋಡಿ, "ಅದ" ಎಂದು ಗೊಣಗಿದ ಮೇಲೆಯೇ ಸಂಜೆಯ ಚಹಾ.

ಈ ಮಳೆಗಾಲ ಹಳ್ಳ ಉಕ್ಕಿತು. ದಾರಿ ಮುಳುಗಿತು, ಅತ್ತೆಯ ಫೋನ್ ಹತ್ತಲಿಲ್ಲ. ಉಪಗ್ರಹ ಬರುವ ದಿನ ಕಾಕಾ ತಲೆ ಬಾಚಲಿಲ್ಲ. ಸಂಜೆಗೆ ಚಿತ್ರ ಬಂತು. ಹೊಲ, ದಾರಿ, ಗಡಿಕಲ್ಲು ಎಲ್ಲ ಕರಗಿ, ನಿದ್ದೆಯಂತೆ ಹರಡಿದ ಕಪ್ಪು. ನಡುವೆ ಒಂದೇ ಒಂದು ಚುಕ್ಕೆ.

"ಅಕ್ಕ ಅದಾಳ" ಎಂದರು ಕಾಕಾ.

ಚುಕ್ಕೆ ಇದ್ದರೆ ತಗಡು ಇದೆ ಎಂದಷ್ಟೇ ಅರ್ಥ. ಕಾಕಾ ಆ ಚಿತ್ರ ಹಿಡಿದು ಪರಿಹಾರದ ದೋಣಿಯವರ ಬಳಿ ಓಡಿದರು; ಬೆಳಕು ಹರಿಯುತ್ತಲೇ ದೋಣಿ ಹೊರಟಿತು, ಜೊತೆಗೆ ನಾನೂ.

ಅತ್ತೆ ಮಾಳಿಗೆಯ ಮೇಲೆ ಕೂತಿದ್ದರು. ಗಾಳಿಗೆ ಹಾರದಂತೆ ತಗಡನ್ನು ಹಳೆಯ ಸೀರೆಯಿಂದ ಸೊಂಟಕ್ಕೆ ಬಿಗಿದುಕೊಂಡಿದ್ದರು. ಅದನ್ನು ಬಿಡಿ ಅತ್ತಿ, ಈ ಮಳೆಯಲ್ಲಿ ಯಾವ ಕಾಗೆ ಎಂದೆ. ಅವರು ಹೇಳಿದ್ದನ್ನು, ನನ್ನ ನೆನಪು ಕೈಯಾಡಿಸುವ ಮೊದಲೇ, ದೋಣಿಯಲ್ಲೇ ಬರೆದುಕೊಂಡೆ.

"ಕಾಗಿ ಮಾತ ಬಿಡಪಾ. ನನ್ನ ತಮ್ಮ ಮ್ಯಾಲಿಂದ ಈ ತಗಡ ನೋಡ್ತೀನಂತ ಬಸ್ಸಿನ ಮಂದಿಗೆಲ್ಲ ಹೇಳ್ಕೊಂತ ತಿರಗತಾನ. ಇದು ಬಿದ್ದಿದ್ದರ, ನಾ ಹೋದೆ ಅಂತ ಅಳತಿದ್ದ, ಹುಚ್ಚ."