ಕಣ್ಣಿನ ಊತ, ಮಾಲೇಕಲ್ಲಿನ ಹರಕೆ

ಕಣ್ಣಿನ ಡಾಕ್ಟರಿಗೆ ಜನ ಕಣ್ಣು ತೋರಿಸುತ್ತಾರೆ, ನಿಜ ಮಾತ್ರ ಹೇಳುವುದಿಲ್ಲ. ಅರಸೀಕೆರೆಯ ನನ್ನ ಕ್ಲಿನಿಕ್ಕಿನಲ್ಲಿ ಇದು ದಿನಾ ಇದ್ದದ್ದೇ. ಆದರೆ ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಹಳೇಬೀಡಿನಿಂದ ಬಂದ ಟೀಚರೊಬ್ಬರು ನನ್ನನ್ನು ಒಂದಲ್ಲ, ಮೂರು ಸಲ ನಗಿಸಿದರು.

೧

ಅವರ ಎರಡೂ ಕಣ್ಣಿನ ಕೆಳಗೆ ಊತ. ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ. ಶಾಲೆಯಲ್ಲಿ ಎಲ್ಲರೂ ಮದ್ರಾಸ್ ಐ ಅಂದುಕೊಂಡರಂತೆ. ಮರುದಿನವೇ ಏಳನೇ ಕ್ಲಾಸಿನ ಅರ್ಧ ಮಕ್ಕಳು ಕಣ್ಣುಜ್ಜಿಕೊಂಡು ರಜಾ ಚೀಟಿ ತಂದವು. ಗಣಿತದ ಪರೀಕ್ಷೆ ಮುಗಿದ ದಿನ ಎಲ್ಲರ ಕಣ್ಣೂ ತಾನಾಗಿ ವಾಸಿಯಾಯಿತು, ಟೀಚರದು ಬಿಟ್ಟು.

೨

ಕಿಡ್ನಿ, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿದೆ. ಏನೂ ಸಿಗಲಿಲ್ಲ. ಕಣ್ಣಿನ ಹತ್ತಿರ ಏನಾದರೂ ಮಾಡಿಸಿದ್ದಿರಾ ಎಂದು ಕೇಳಿದಾಗಲೆಲ್ಲ ಟೀಚರ್ ಪಕ್ಕದಲ್ಲಿ ಕೂತ ಅತ್ತೆಯ ಮುಖ ನೋಡಿ ಇಲ್ಲ ಎನ್ನುತ್ತಿದ್ದರು.

ಅತ್ತೆಗೆ ಯಾವ ಅನುಮಾನವೂ ಇರಲಿಲ್ಲ. ಇದು ದೃಷ್ಟಿಯೇ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ನಮ್ಮ ಕಡೆ ನಂಬಿಕೆ. ಅವತ್ತು ಮನೆಮಂದಿಯೆಲ್ಲ ಕೆಮ್ಮಿ ಬೀದಿಗೆ ಬಂದರಂತೆ.

"ಘಾಟಿಗೂ ಬಗ್ಗಿಲ್ಲ ಅಂದ್ರೆ ಎಂಥಾ ದೃಷ್ಟಿ ಇರ್ಬೇಕು ನೋಡಿ," ಎಂದರು ಅತ್ತೆ.

೩

ಮೂರನೇ ಸಲ ಟೀಚರ್ ಅಳುತ್ತಲೇ ಬಂದರು. ಹಿಂದೆ ಅತ್ತೆ, ಗಂಡ. ಊತ ಇಳಿದರೆ ಮುಡಿ ಕೊಡಿಸುತ್ತೇನೆಂದು ಅತ್ತೆ ಮಾಲೇಕಲ್ಲು ತಿರುಪತಿಯ ವೆಂಕಟರಮಣನಿಗೆ ಹರಕೆ ಹೊತ್ತಿದ್ದರು.

ಟೀಚರಿಗೆ ಸೊಂಟ ದಾಟುವ ಜಡೆ. ಅದನ್ನು ಮುಂದಕ್ಕೆ ಹಾಕಿ ಗಟ್ಟಿಯಾಗಿ ಹಿಡಿದುಕೊಂಡು ಎಲ್ಲರೆದುರೇ ಬಾಯಿಬಿಟ್ಟರು. ಎರಡು ವರ್ಷದ ಹಿಂದೆ, ನಾದಿನಿಯ ಮದುವೆಗೆ ಮುಂಚೆ, ಟ್ರೈನಿಂಗ್ ಎಂದು ಸುಳ್ಳು ಹೇಳಿ ಬೆಂಗಳೂರಿಗೆ ಹೋಗಿ ಕಣ್ಣಿನ ಕೆಳಗಿನ ಗುಳಿ ತುಂಬಲು ಇಂಜೆಕ್ಷನ್ ಹಾಕಿಸಿಕೊಂಡಿದ್ದರು.

"ಇದು ದೃಷ್ಟಿ ಅಲ್ಲ ಅತ್ತೆ, ನಾನೇ ಮಾಡ್ಕೊಂಡಿದ್ದು. ಹರಕೆ ವಾಪಸ್ ತಗೊಳ್ಳಿ."

ನನಗೆ ಅಯ್ಯೋ ಅನ್ನಿಸಿತು. ತುಂಬಿಸಿದ ಮದ್ದು ಒಳಗೇ ಕೂತು, ವರ್ಷಗಳ ಮೇಲೂ ನೀರು ಹೀರಿ ಊದುವುದುಂಟು. ಕರಗಿಸಲು ಬೇರೆ ಇಂಜೆಕ್ಷನ್ ಇದೆ, ಇವತ್ತೇ ಕೊಡುತ್ತೇನೆ, ಊತ ಇಳಿಯುತ್ತದೆ ಎಂದು ಸಮಾಧಾನ ಹೇಳಿದೆ.

ಅತ್ತೆ ಸೊಸೆಯನ್ನು ಒಂದು ಗಳಿಗೆ ದಿಟ್ಟಿಸಿದರು.

"ನಿನ್ ಮುಡಿ ಅಂತ ಯಾರಂದ್ರು? ನಾನು ಹರಕೆ ಹೊತ್ತಿರೋದು ನನ್ ಮಗಂದು. ದೇವರಿಗೆ ಹೇಳಿದ್ಮೇಲೆ ಮುಗೀತು."

ಗಂಡ ಎರಡೂ ಕೈಯಲ್ಲಿ ತಲೆ ಮುಟ್ಟಿ ನೋಡಿಕೊಂಡು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಡಾಕ್ಟ್ರೇ, ಊತ ಅವಳಿಗೆ ಚೆನ್ನಾಗೇ ಒಪ್ಪುತ್ತೆ. ಹಂಗೇ ಇರ್ಲಿ ಬಿಡಿ."