ಚಂದ್ರನ ಕಡೆಗೆ ತಿರುಗಿದ ಕತ್ತು

ಕನಸಿನಲ್ಲಿ ಹಾರುವವನು ಎಚ್ಚರವಾದಾಗ ಎಲ್ಲಿ ಇಳಿಯುತ್ತಾನೆ ಎಂಬುದು ಅವನ ಕೈಯಲ್ಲಿಲ್ಲ. ಡ್ಯಾನ್ಸ್ ಮೇಷ್ಟ್ರು ಇಳಿದದ್ದು ಮಂಚದ ಅಂಚಿಗೆ. ತುಂಬಿದ ಸಭೆಯ ಮುಂದೆ, ಕಾಲು ನೆಲಕ್ಕೆ ತಾಗದಂತೆ ಕುಣಿಯುತ್ತಿದ್ದರು. ಚಪ್ಪಾಳೆ ಶುರುವಾಗುವಷ್ಟರಲ್ಲಿ ಕಣ್ಣು ಬಿಟ್ಟರು. ಸಭೆ ಹೋಯಿತು, ವೇದಿಕೆ ಹೋಯಿತು. ಕತ್ತು ಮಾತ್ರ ಕನಸಿನಲ್ಲಿ ಇದ್ದ ಹಾಗೆಯೇ ಎಡಕ್ಕೆ ವಾಲಿ, ಮುಖವನ್ನು ಮೇಲಕ್ಕೆತ್ತಿಕೊಂಡು, ನಿಂತಲ್ಲೇ ನಿಂತುಬಿಟ್ಟಿತು.

"ಏನ್ರೀ ಅದು, ಸೂರಲ್ಲಿ ಏನಿದೆ?" ಎಂದಳು ಹೆಂಡತಿ.

"ಸೂರಲ್ಲಿ ಏನೂ ಇಲ್ಲ ಮಾರಾಯ್ತಿ. ಕತ್ತು ಹಿಡ್ಕೊಂಡಿದೆ."

"ಇವತ್ತೇ ಹಿಡ್ಕೋಬೇಕಿತ್ತಾ! ಅಲ್ಲಾಡಿಸಿ ನೋಡಿ."

ಅಲ್ಲಾಡಿಸಿ ನೋಡಿದರು. ಕಣ್ಣಲ್ಲಿ ನೀರು ಬಂತು, ಕತ್ತು ಬರಲಿಲ್ಲ.

ಹೆಂಡತಿ 'ಇವತ್ತೇ' ಎಂದದ್ದಕ್ಕೆ ಕಾರಣವಿತ್ತು. ಊರೂರು ಸುತ್ತಿ ಕುಣಿಯುವ ದೊಡ್ಡ ತಂಡವೊಂದರ ದಂಪತಿ ಅಂದು ಅತಿಥಿ ಶಿಕ್ಷಕರಾಗಿ ನೃತ್ಯಶಾಲೆಗೆ ಬರುವವರಿದ್ದರು. ಮೇಷ್ಟ್ರಾದರೋ ಕೂದಲು ಕಪ್ಪಗಿದ್ದಾಗಿನಿಂದಲೂ ಪುಟ್ಟ ಮಕ್ಕಳಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಹೇಳಿಕೊಡುವುದರಲ್ಲೇ ಇದ್ದವರು. ವೇದಿಕೆ ಹತ್ತಿದ್ದು ಮೈಕು ಸರಿಮಾಡುವುದಕ್ಕೆ ಮಾತ್ರ. ದೊಡ್ಡವರ ಕಣ್ಣಿಗೆ ಒಮ್ಮೆಯಾದರೂ ಬೀಳೋಣವೆಂದು ಅಡುಗೆಮನೆಯಲ್ಲಿ ಪಾತ್ರೆ ಉರುಳಿಸಿಕೊಂಡು ಒಂದು ಸೊಗಸಾದ ಸುತ್ತು ಕಲಿತಿಟ್ಟುಕೊಂಡಿದ್ದರು.

ಬಾಗಿಲು ದಾಟುತ್ತಲೇ ಪಕ್ಕದ ಅಂಗಡಿಯ ಇಸ್ತ್ರಿಯವರು ಹಿಡಿದುಕೊಂಡರು.

"ಕತ್ತು ಸೊಟ್ಟಗಾಗಿದ್ಯಲ್ಲ ಮೇಷ್ಟ್ರೇ! ಬನ್ನಿ ಇಲ್ಲಿ, ಮೇಜಿನ ಮೇಲೆ ತಲೆ ಇಡಿ. ಸ್ವಲ್ಪ ಹಬೆ ಕೊಟ್ಟು ಒಂದೆಳೆತ ಎಳೆದ್ರೆ ನೆಟ್ಟಗಾಗುತ್ತೆ."

"ಇದು ಕತ್ತು ಕಣಯ್ಯ, ಕಾಲರ್ ಅಲ್ಲ!"

"ಸುಕ್ಕು ಎಲ್ಲಿದ್ರೂ ಸುಕ್ಕೇ ತಾನೆ?" ಎಂದು ಅವರು ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದರು. ಮೇಷ್ಟ್ರು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದರು.

ದಾರಿಯುದ್ದಕ್ಕೂ ಅವರಿಗೆ ನೆಲವೇ ಕಾಣಲಿಲ್ಲ. ಇಷ್ಟು ವರ್ಷ ಓಡಾಡಿದ ಬೀದಿಯ ಮೇಲೆ ಇನ್ನೊಂದು ಬೀದಿ ಇರುವುದು ಅಂದೇ ಗೊತ್ತಾದದ್ದು. ಮೇಲಿನ ಕಿಟಕಿಯೊಂದರಲ್ಲಿ ಬೆಕ್ಕು ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತ್ತು. ತಂತಿಯ ಮೇಲಿನ ಅಂಗಿಗಳು ಯಾರನ್ನೋ ತಬ್ಬಿಕೊಳ್ಳುವಂತೆ ತೋಳು ಚಾಚುತ್ತಿದ್ದವು. ಯಾವ ಅವಸರವೂ ಇಲ್ಲದ ಒಂದು ಮೋಡ ಅವರ ಜೊತೆಜೊತೆಗೇ ಬರುತ್ತಿತ್ತು. ಕೆಳಗೆ ಕಾಲಿಗೆ ನಾಯಿಯೋ, ತರಕಾರಿ ಬುಟ್ಟಿಯೋ, ಮತ್ತೊಬ್ಬರ ಕಾಲೋ ಸಿಕ್ಕಾಗಲೆಲ್ಲ ಮೇಷ್ಟ್ರು "ಕ್ಷಮಿಸಿ" ಎಂದು ಮೋಡಕ್ಕೆ ಹೇಳುತ್ತಿದ್ದರು.

ಶಾಲೆಯ ಒಡತಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ದೊಡ್ಡ ಮಕ್ಕಳಿಗೆ ಪಾಠ ಹೇಳುವವರೂ ಅವರೇ. ಮೇಷ್ಟ್ರನ್ನು ಕಂಡದ್ದೇ ಕೈಯಲ್ಲಿದ್ದ ಹೂಗುಚ್ಛವನ್ನು ಬೆತ್ತದಂತೆ ಎತ್ತಿದರು.

"ಏನಿದು ವೇಷ? ಅತಿಥಿಗಳು ಬರೋ ಹೊತ್ತಿಗೆ ಹೀಗೆ ಮುರಿದ ಕೊಡೆ ಥರ ನಿಂತಿದ್ದೀರಲ್ಲ!"

"ಬೇಕು ಅಂತ ಮಾಡಿದ್ದಲ್ಲ ಟೀಚರ್. ಕತ್ತು..."

"ಕತ್ತೂ ಬೇಡ, ಕತೆಯೂ ಬೇಡ. ಹಿಂದಿನ ಮೂಲೇಲಿ ಪರದೆ ಪಕ್ಕ ನಿಂತ್ಕೊಳ್ಳಿ. ಕೇಳಿದ್ರೆ ಪರದೆ ಅಂತಲೇ ಹೇಳ್ತೀನಿ."

ಅತಿಥಿಗಳು ಬಂದರು. ಹೆಂಡತಿ ಬಳ್ಳಿಯಂತೆ ಎತ್ತರ, ಗಂಡ ಗುಂಗುರುಗೂದಲಿನ ಗುಂಡು ಮನುಷ್ಯ. ಅವರು ನಡೆದರೆ ಹಲಗೆಯ ನೆಲ ಕಿರುಗುಟ್ಟಲಿಲ್ಲ. ಗೋಡೆಯಗಲದ ಕನ್ನಡಿಗಳಲ್ಲಿ ಬೆಳಗಿನ ಬಿಸಿಲು ತೇಲುತ್ತಿತ್ತು. ನರ್ತಕಿ ಕೈ ಎತ್ತಿದರೆ ಬಿಸಿಲೂ ಅವರ ಬೆರಳ ಹಿಂದೆಯೇ ಹೋದಂತೆ ಕಂಡಿತು. ಮೂಲೆಯಲ್ಲಿದ್ದ ಮೇಷ್ಟ್ರಿಗೆ ಕಂಡದ್ದು ಬರೀ ಆ ಬೆರಳುಗಳು. ಅಷ್ಟಕ್ಕೇ ಅವರ ಎದೆ ತುಂಬಿ ಬಂತು.

"ಪುಟಾಣಿಗಳು ಏನು ಕಲಿತಿದ್ದಾರೆ, ನೋಡೋಣ" ಎಂದರು ನರ್ತಕಿ.

ಪುಟಾಣಿಗಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಮೇಷ್ಟ್ರನ್ನು ನೋಡಿ ಹಾಗೆಯೇ ಮಾಡುವುದು. ಎಲ್ಲರೂ ಮೂಲೆಗೆ ತಿರುಗಿ ನೋಡಿದರು. ನೋಡಿ, ಸಾಲಾಗಿ, ಕತ್ತನ್ನು ಎಡಕ್ಕೆ ವಾಲಿಸಿ ಮುಖ ಮೇಲೆತ್ತಿದರು. ಮೇಷ್ಟ್ರು ಗಾಬರಿಯಿಂದ "ಅಯ್ಯೋ, ಬೇಡ್ರೋ" ಎಂದು ಕೈ ಚಾಚಿ ಎರಡು ಹೆಜ್ಜೆ ಇಟ್ಟರು. ಮಕ್ಕಳೂ ಕೈ ಚಾಚಿ ಎರಡು ಹೆಜ್ಜೆ ಇಟ್ಟರು.

ದೊಡ್ಡ ಟೀಚರ್ ಮುಖ ಸುಣ್ಣದ ಗೋಡೆಯಾಯಿತು. "ದಯವಿಟ್ಟು ತಪ್ಪು ತಿಳೀಬೇಡಿ..." ಎಂದು ಶುರುಮಾಡಿದರು.

"ಮಾತಾಡ್ಬೇಡಿ!" ಎಂದು ನರ್ತಕ ಉಸಿರು ಬಿಗಿಹಿಡಿದ. "ನೋಡೇ, ಇದೇ ಅಲ್ವಾ ನಾವು ಹುಡುಕ್ತಿದ್ದದ್ದು?"

"ಇದೇ ರೀ! ಚಂದ್ರನನ್ನ ಕಳ್ಕೊಂಡವರ ನಿಲುವು!" ಎಂದರು ನರ್ತಕಿ. "ಯಾರು ಹೇಳಿಕೊಟ್ಟದ್ದು ಇದನ್ನ?"

ದೊಡ್ಡ ಟೀಚರ್ ಕ್ಷಮೆ ಕೇಳಲು ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡರು. "ಇನ್ಯಾರು? ನಾನೇ. ಇದು ನಮ್ಮ ಶಾಲೆಯ ಪದ್ಧತಿ" ಎಂದವರೇ ತಮ್ಮ ಕತ್ತನ್ನೂ ಎಡಕ್ಕೆ ವಾಲಿಸಿದರು. ಪದ್ಧತಿ ಎಂದಮೇಲೆ ಮುಗಿಯಿತು. ಅತಿಥಿಗಳ ಕಣ್ಣಿರುವ ತನಕ ನೇರ ಮಾಡುವಂತಿಲ್ಲ. ಅಂದು ಅವರು ಊಟವನ್ನೂ ಹಾಗೆಯೇ ಮಾಡಿದರು. ಸಾರು ಬಾಯಿಗಿಂತ ಕಿವಿಗೇ ಹೆಚ್ಚು ಹೋಯಿತು.

ಮಧ್ಯಾಹ್ನವೆಲ್ಲ ಪಾಠ ನಡೆಯಿತು. ಸಂಗೀತ ನಿಧಾನವಾಗಿ ಹರಿಯಿತು. ಓರೆಗತ್ತಿನ ಮಕ್ಕಳು, ಓರೆಗತ್ತಿನ ಮೇಷ್ಟ್ರು, ಓರೆಗತ್ತಿನ ಟೀಚರ್ ನೀರಿನೊಳಗಿನ ಗಿಡಗಳಂತೆ ಕೋಣೆಯ ಆ ತುದಿಯಿಂದ ಈ ತುದಿಗೆ ತೇಲಿದರು. ನೋವನ್ನು ಮೇಷ್ಟ್ರು ಮರೆತೇಬಿಟ್ಟಿದ್ದರು. ಇಷ್ಟು ವರ್ಷ ಎಣಿಸುತ್ತಲೇ ಕಳೆದಿದ್ದವರು ಇವತ್ತು ಎಣಿಸುವುದನ್ನು ಬಿಟ್ಟು ಸುಮ್ಮನೆ ಕುಣಿಯುತ್ತಿದ್ದರು.

ಸಂಜೆ ಅತಿಥಿಗಳು ಮೇಷ್ಟ್ರನ್ನು ಕಿಟಕಿಯ ಬಳಿ ಕರೆದರು.

"ನಮ್ಮ ಹೊಸ ನೃತ್ಯದಲ್ಲಿ ಒಬ್ಬ ಮನುಷ್ಯ ಕಳೆದುಹೋದ ಚಂದ್ರನನ್ನ ಹುಡುಕ್ತಾ ನಡೀತಾನೆ" ಎಂದರು ನರ್ತಕಿ. "ಎಷ್ಟು ಜನರನ್ನ ನೋಡಿದ್ವಿ! ಎಲ್ಲಾ ಹುಡುಕೋ ಹಾಗೆ ನಟಿಸ್ತಾರೆ. ನೀವು ನಿಜವಾಗ್ಲೂ ಹುಡುಕ್ತೀರಿ. ನಮ್ಮ ಜೊತೆ ಬರ್ತೀರಾ? ಈಗಲೇ ಹೊರಡ್ಬೇಕು."

"ನಾನಾ? ವೇದಿಕೆ ಮೇಲಾ?"

"ಮತ್ತೆ ವೇದಿಕೆ ಕೆಳಗಾ!" ಎಂದು ನಕ್ಕ ನರ್ತಕ.

ನಿಜ ಹೇಳಿಬಿಡಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಬಾಯಿಂದ ಬಂದದ್ದು ಮಾತ್ರ, "ಬರ್ತೀನಿ. ಹೆಂಡತಿಗೆ ಒಂದು ಮಾತು ಹೇಳಿ ಬಂದೇಬಿಡ್ತೀನಿ."

ನರ್ತಕನಿಗೆ ಸಂತೋಷ ತಡೆಯಲಾಗಲಿಲ್ಲ. ಬಾಚಿ ತಬ್ಬಿಕೊಂಡು, ಗೋಧಿ ಮೂಟೆಯಂತೆ ಮೇಲೆತ್ತಿ ಒಂದು ಸುತ್ತು ತಿರುಗಿಸಿದ.

ಲಟಕ್!

ಶಬ್ದ ಇಡೀ ಕೋಣೆಗೆ ಕೇಳಿಸಿತು. ಮೇಷ್ಟ್ರನ್ನು ಕೆಳಗಿಳಿಸಿದಾಗ ಅವರಿಗೆ ಅಂದು ಮೊದಲ ಬಾರಿಗೆ ಎದುರಿನವರ ಮುಖ ಪೂರ್ತಿ ಕಂಡಿತು. ಆ ಮುಖಗಳ ಮೇಲಿನ ಬೆಳಕು ಆರುತ್ತಿರುವುದೂ ಕಂಡಿತು.

"ಎಲ್ಲಿ ಹೋಯ್ತು ಅದು?" ಎಂದರು ನರ್ತಕಿ ಮೆಲ್ಲಗೆ. "ಇನ್ನೊಮ್ಮೆ ಮಾಡಿ."

ಮೇಷ್ಟ್ರು ವಾಲಿಸಿದರು. ಬಸ್ಸಿಗೆ ಕಾಯುವವರ ಹಾಗೆ ಕಂಡಿತು. ಇನ್ನಷ್ಟು ವಾಲಿಸಿದರು. ಕಿವಿಗೆ ನೀರು ಹೋದವರ ಹಾಗೆ ಕಂಡಿತು. ಕೊನೆಗೆ ಕಲಿತಿಟ್ಟುಕೊಂಡಿದ್ದ ಸೊಗಸಾದ ಸುತ್ತನ್ನೂ ಹಾಕಿ ತೋರಿಸಿದರು. ಅತಿಥಿಗಳು ತುಂಬ ಮರ್ಯಾದೆಯಿಂದ ಕೈಗಡಿಯಾರ ನೋಡಿಕೊಂಡರು.

ಎಲ್ಲರೂ ಬಾಗಿಲಿಗೆ ಬಂದರು. ಹೊರಗೆ ಬೀದಿದೀಪ ಹತ್ತಿತ್ತು, ಕಾರು ಕಾಯುತ್ತಿತ್ತು. ಬೀಳ್ಕೊಡಲು ನಿಂತ ದೊಡ್ಡ ಟೀಚರ್ ಮಾತ್ರ ಇನ್ನೂ ವಾಲಿಕೊಂಡೇ ಇದ್ದರು.

"ಸಾಕು ಟೀಚರ್, ಈಗ ನೆಟ್ಟಗೆ ನಿಂತ್ಕೊಳ್ಳಿ" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ನಿಲ್ಲೋಕೆ ಆದ್ರೆ ನಿಲ್ತಿರಲಿಲ್ವಾ?" ಎಂದರು ಟೀಚರ್ ಹಲ್ಲು ಕಚ್ಚಿ. ಅವರ ಕಣ್ಣಂಚಿನಿಂದ ಒಂದು ಹನಿ ಜಾರಿ, ದೀಪದ ಬೆಳಕಿಗೆ ಮಿನುಗಿ ಕೆನ್ನೆಯ ಮೇಲೆ ನಿಂತಿತು.

ಕಾರಿನ ಬಾಗಿಲು ತೆರೆದಿದ್ದ ನರ್ತಕಿ ಹಾಗೆಯೇ ನಿಂತುಬಿಟ್ಟರು. "ರೀ... ಕಣ್ಣೀರೂ ಇದೆ!"

"ಹುಡುಕೋದು ಹೆಂಗಸಾದ್ರೆ ಇನ್ನೂ ಚೆನ್ನ!" ಎಂದ ನರ್ತಕ. ಈ ಸಲ ಅವನು ಯಾರನ್ನೂ ತಬ್ಬಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಗಾಜಿನ ಗೊಂಬೆಯಂತೆ ದೊಡ್ಡ ಟೀಚರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿ, ಕತ್ತಿನ ಪಕ್ಕ ಒಂದು ದಿಂಬನ್ನೂ ಇಟ್ಟ.

ಕಾರು ಹೊರಟಿತು. ಕಿಟಕಿಯಿಂದ ದೊಡ್ಡ ಟೀಚರ್ ಬೀದಿದೀಪವನ್ನು ನೋಡುತ್ತ ಕೂಗಿದರು: "ಮೇಷ್ಟ್ರೇ, ನಾನು ಬರೋ ತನಕ ದೊಡ್ಡ ಮಕ್ಕಳ ಕ್ಲಾಸೂ ನಿಮ್ದೇ!"

ಮೇಷ್ಟ್ರು ಕಾರಿನ ಹಿಂದೆಯೇ ಓಡಿದರು. "ಯಾವಾಗ ಬರ್ತೀರಿ ಟೀಚರ್?"

"ಕತ್ತು ಸರಿಹೋದ ದಿನ!"