ಮಿಯಾಪುರದ ಮಧ್ಯಾಹ್ನದ ನಿದ್ದೆ

ಯಾರಾದರೂ "ಆರಾಮ ಇರ್ರಿ" ಎಂದು ಹರಸಿದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಈ ಹೈದರಾಬಾದಿನ ಮಿಯಾಪುರಕ್ಕೆ ಬಂದಾಗಿನಿಂದ ನನ್ನ ಆರಾಮಕ್ಕೆ ಒಂದಿಲ್ಲೊಂದು ವಿಘ್ನ ಬರುತ್ತಲೇ ಇದೆ, ಬರುವ ವಿಘ್ನವೆಲ್ಲ ನಗುನಗುತ್ತಲೇ ಬರುತ್ತದೆ. ನೌಕರಿಯುದ್ದಕ್ಕೂ ಮುಂಬಯಿಯ ಲೋಕಲ್ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಓಡಾಡಿದವನು ನಾನು. ನಿವೃತ್ತನಾದ ಮೇಲೆ ಇದ್ದದ್ದು ಒಂದೇ ಆಸೆ. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಉಂಡು ಫ್ಯಾನಿನ ಕೆಳಗೆ ಗಡದ್ದಾಗಿ ಒಂದು ನಿದ್ದೆ. "ಮಿಯಾಪುರಕ್ಕ ಬಂದುಬಿಡ್ರಿ ಮಾಮಾ, ಈ ಊರಾಗ ಯಾರಿಗೂ ಅವಸರಾನ ಇಲ್ಲ" ಎಂದ ಹೆಂಡತಿಯ ತಮ್ಮ. ನಂಬಿ ಬಂದೆ. ಅವನು ಈಗ ನನ್ನ ಫೋನ್ ಎತ್ತುವುದಿಲ್ಲ.

ಮಂಚ

ಸಾಮಾನು ಸಾಗಿಸಿದವರು ಮಂಚವನ್ನು ಬಿಚ್ಚಿ ತಂದಿದ್ದರು. ಜೋಡಿಸಿಕೊಡು ಎಂದು ಬಡಗಿಗೆ ಹೇಳಿದರೆ, "ಆರಾಮ್ ಸೇ ಕರೇಂಗೆ ಸಾಬ್, ಜಲ್ದೀ ಕಾಯ್ಕು?" ಎಂದು ನನ್ನ ಅವಸರಕ್ಕೇ ನಕ್ಕ. ನೆಲದ ಮೇಲೆ ಹೊರಳಾಡಿ ನನ್ನ ಸೊಂಟ ಹಿಡಿದುಕೊಂಡ ಮೇಲೆ ಒಂದು ದಿನ ಬಂದ. ಒಂದು ಬದಿ ಜೋಡಿಸಿ ಇರಾನಿ ಚಹಾಕ್ಕೆ ಹೋದ. ಮರಳಿ ಬಂದು ಇನ್ನೊಂದು ಬದಿಗೆ ಕೈ ಹಚ್ಚಿದ. ನಾನು ಊಟ ಮುಗಿಸಿ, ಹಲ್ಲು ಕಡಿಯುತ್ತಲೇ ಕೋಣೆಗೆ ಹೋಗಿ ನೋಡುತ್ತೇನೆ, ಮಂಚ ಸಿದ್ಧವಾಗಿದೆ, ಅದರ ಮೇಲೆ ಅವನೇ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ!

"ಕ್ಯಾ ಹೈ ಯೇ!" ಎಂದು ಕಿರುಚಿದೆ. ಅವನು ಗಡಿಬಿಡಿಯಿಲ್ಲದೆ ಎದ್ದು ಕೂತು, ಮಂಚವನ್ನು ಒಮ್ಮೆ ತಟ್ಟಿ ಹೇಳಿದ: "ಚೆಕ್ ಕರಾ ಸಾಬ್. ಪಕ್ಕಾ ಹೈ. ಮಸ್ತ್ ನೀಂದ್ ಆತೀ." ಪರೀಕ್ಷೆ ಮಾಡಿದನಂತೆ, ಸೊಗಸಾದ ನಿದ್ದೆ ಬರುತ್ತದಂತೆ!

ಕ್ಷೇಮಸಮಾಚಾರ

ಕೆಳಗಿನ ಮನೆಯಲ್ಲಿ ಒಬ್ಬ ರಾಯರಿದ್ದಾರೆ. ಕಲಬುರಗಿ ಕಡೆಯವರು, ಇಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನನಗಿಂತ ಬಹಳ ಮೊದಲೇ ನಿವೃತ್ತರಾದವರು. ಕನ್ನಡದವರು ಬಂದಿದ್ದಾರೆಂದು ಅವರಿಗೆ ಹಿಗ್ಗೋ ಹಿಗ್ಗು. ನಾನು ತಲೆದಿಂಬಿಗೆ ತಲೆ ಕೊಡುವುದಕ್ಕೂ ಅವರು ಗಂಟೆ ಒತ್ತುವುದಕ್ಕೂ ಸರಿಹೋಗುತ್ತದೆ.

"ಮಲಗಿದ್ರೇನ್ರೀ?"

"ಹೌದ್ರಿ."

"ಮಲಗ್ರಿ, ಮಲಗ್ರಿ. ನಾ ಕುಂದ್ರತೀನಿ."

ಕುಂದರುತ್ತಾರೆ, ಅದೂ ನನ್ನ ಮಂಚದ ಮೇಲೆ, ಕಾಲಿನ ಬದಿಗೆ! ಎದುರಿಗೆ ಹಿರಿಯರು ಕೂತಿರುವಾಗ ಕಾಲು ಚಾಚಿ ಮಲಗಲು ನಾನೇನು ದನವೇ? ಎದ್ದು ಕೂಡಬೇಕು. ಹೆಂಡತಿಯೂ ಒಳಗಿನಿಂದ ಎದ್ದು ಬಂದು ಚುರುಮುರಿ ಕಲಸಬೇಕು, ಚಹಾ ಕುದಿಸಬೇಕು. ಹೊತ್ತು ಇಳಿದ ಮೇಲೆ ರಾಯರು ಏಳುತ್ತಾರೆ. ಒಂದು ದಿನ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ದಿಟ್ಟಿಸಿ ಹೇಳಿದರು: "ಕಣ್ಣು ಭಾಳ ಕೆಂಪಗಾಗ್ಯಾವಲ್ರೀ. ಮಧ್ಯಾಹ್ನ ಒಂದೀಟು ಅಡ್ಡಾಗೋ ರೂಢಿ ಇಟ್ಕೋರಿ."

ಕಾವಲು

ರಾಯರು ಬಾರದ ದಿನ ಮೇಲಿನ ಮನೆಯವರು ಗೋಡೆ ಕೊರೆಯುತ್ತಿದ್ದರು. ಅದು ನಿಂತರೆ ನೀರಿನ ಟ್ಯಾಂಕರ್ ಹಾರ್ನು. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ನನ್ನ ಸಿಟ್ಟು ಕಟ್ಟೆ ಒಡೆಯಿತು. ಕನ್ನಡ, ಹಿಂದಿ, ಬಾರದ ತೆಲುಗು ಎಲ್ಲ ಬೆರೆಸಿ ಕೂಗಾಡಿದೆ. "ಮಧ್ಯಾಹ್ನ ಸದ್ದು ಮಾಡಿದವರಿಗೆ ದಂಡ ಹಾಕಿ!" ಎಲ್ಲರೂ ಚಪ್ಪಾಳೆ ತಟ್ಟಿ ಆ ಕೂಡಲೇ ನಿಯಮ ಮಾಡಿದರು. ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂದಾಗ ಅಧ್ಯಕ್ಷರು ನನ್ನ ಕಡೆ ತಿರುಗಿ, "ಅಂಕಲ್ ಖಾಲೀ ಹೈ ನಾ?" ಎಂದರು.

ಹೀಗೆ ಇಡೀ ಕಟ್ಟಡ ಗೊರಕೆ ಹೊಡೆಯುವ ಹೊತ್ತಿನಲ್ಲಿ ನಾನು ಚಪ್ಪಲಿ ಪಟಪಟಿಸುತ್ತ ಮಹಡಿ ಮಹಡಿ ಸುತ್ತತೊಡಗಿದೆ. ಕೆಲವೇ ದಿನಗಳಲ್ಲಿ ವಾಚ್‌ಮನ್ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. "ಕಂಪ್ಲೇಂಟ್ ವಚ್ಚಿಂದಿ ಸಾರ್." ದೂರು ಯಾರ ಮೇಲೆ ಎಂದು ಕೇಳಿದೆ. ಅವನು ನನ್ನ ಚಪ್ಪಲಿಯತ್ತ ಬೆರಳು ತೋರಿಸಿದ.

ಮೆಟ್ರೋ

ಆವತ್ತೇ ಕಾವಲಿಗೆ ಎಳ್ಳುನೀರು ಬಿಟ್ಟೆ. ಮರುದಿನ ಉಂಡವನೇ ಮೆಟ್ರೋ ಸ್ಟೇಷನ್ನಿಗೆ ಹೋದೆ. ಮಿಯಾಪುರ ಮೊದಲ ನಿಲ್ದಾಣ, ಮಧ್ಯಾಹ್ನ ಖಾಲಿ ಸೀಟು, ತಣ್ಣನೆಯ ಗಾಳಿ, ಗೋಡೆ ಕೊರೆಯುವವರಿಲ್ಲ. ಎಲ್‌.ಬಿ. ನಗರದ ಕೊನೆಯ ನಿಲ್ದಾಣದವರೆಗೆ ಹೆಣದ ಹಾಗೆ ಮಲಗಿದೆ. ಜನ್ಮ ಸಾರ್ಥಕವಾಯಿತು ಎನಿಸಿತು. ಮನೆಗೆ ಬಂದು ಹೆಂಡತಿಗೆ ಎಲ್ಲ ವರ್ಣಿಸಿದೆ, ಮೊದಲ ಡಬ್ಬಿಯ ಮೂಲೆಯ ಸೀಟಿನ ಸಮೇತ.

ಎರಡನೆಯ ದಿನ ಅದೇ ಸೀಟು. ಬಾಗಿಲು ಮುಚ್ಚುವ ಮುನ್ನ ಕಣ್ಣು ಮುಚ್ಚುತ್ತಿದ್ದೆ. ಹೆಗಲ ಮೇಲೆ ಒಂದು ಕೈ ಬಿತ್ತು.

"ಮಲಗಿದ್ರೇನ್ರೀ? ಮಲಗ್ರಿ, ಮಲಗ್ರಿ. ನಾ ಕುಂದ್ರತೀನಿ."

ರಾಯರು! ಅಮೀರ್‌ಪೇಟ್ ಬರುವುದರೊಳಗೆ ನನ್ನ ಹೆಗಲಿಗೆ ತಲೆ ಆನಿಸಿ ಅವರೇ ಗೊರಕೆ ಹೊಡೆಯತೊಡಗಿದರು. ಕೊಡವಿ ಎಬ್ಬಿಸೋಣವೆಂದರೆ ವಯಸ್ಸಾದ ಜೀವ. ಕುದಿಯುತ್ತ ಹೆಂಡತಿಗೆ ಫೋನ್ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದಳು.

"ರಾಯರಿಗೆ ಈ ಸೀಟು ಹೇಳಿದವರು ಯಾರು?" ಎಂದು ಪಿಸುದನಿಯಲ್ಲೇ ಗುಡುಗಿದೆ.

"ನಾನ ಕಳಿಸೀನಿ" ಎಂದಳು, ದೊಡ್ಡದೊಂದು ಆಕಳಿಕೆ ತೆಗೆದು. "ನೀವೂ ಇಲ್ಲ, ಅವರೂ ಇಲ್ಲ, ಚಹಾದ ಕಾಟಾನೂ ಇಲ್ಲ. ಮುಂಬಯಿ ಬಿಟ್ಟು ಬಂದ ಮ್ಯಾಲ ಇವತ್ತ ಮೊದಲನೇ ಸಲ ಮಧ್ಯಾಹ್ನ ನಿದ್ದಿ ಹತ್ತಿತ್ತು ನನಗ. ಅದನ್ನೂ ಕೆಡಿಸಿದ್ರಿ. ನಾಳೆ ಹೋಗುವಾಗ ಫೋನ್ ಮನ್ಯಾಗ ಇಟ್ಟು ಹೋಗ್ರಿ!"